ಎರಡು ಫೋನು, ಒಂದು ಸಾವಿನ ಸುದ್ದಿ

ನಮ್ಮ ಯಜಮಾನರು ಬೆಳಿಗ್ಗೆ ಚಹಾಕ್ಕಿಂತ ಮೊದಲು ಸತ್ತವರನ್ನು ನೋಡುತ್ತಿದ್ದರು. ಫೋನಿನಲ್ಲಿ ಒಂದು ಮರಾಠಿ ಸುದ್ದಿಯ ಆ್ಯಪ್ ಇತ್ತು, ಅದರಲ್ಲಿ ತಾಲೂಕುವಾರು ನಿಧನ ವಾರ್ತೆ ಬರುತ್ತಿತ್ತು. ಸೋಲಾಪುರದಲ್ಲಿ ಚಾದರದ ವ್ಯಾಪಾರ ಮಾಡುವವರಿಗೆ ಅದು ಬೇಕು. ಮದುವೆಗೆ ಹೋಗದಿದ್ದರೆ ಜನ ಬಿಟ್ಟುಬಿಡುತ್ತಾರೆ. ಮಣ್ಣಿಗೆ ಹೋಗದಿದ್ದರೆ ಮೊಮ್ಮಕ್ಕಳಿಗೂ ಹೇಳಿಟ್ಟು ಸಾಯುತ್ತಾರೆ.

ಅವರು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಅಕ್ಕಲಕೋಟ ತಾಲೂಕಿನ ಹನ್ನೂರಿನವಳು, ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯ ತನಕ ಕಲಿತವಳು. ಮರಾಠಿ ಅಕ್ಷರವನ್ನು ಅಂಗಡಿಗಳ ಬೋರ್ಡು ನೋಡಿ ಕಲಿತೆ. ಹಾಗಾಗಿ ಫೋನನ್ನು ನಾನು ಓದುವುದು ಕಡಿಮೆ, ಅಡುಗೆಮನೆಯ ಡಬ್ಬಿಗಳ ಹಾಗೆ ಜಾಗದಿಂದ ಗುರುತು ಹಿಡಿಯುತ್ತೇನೆ. ಅವರ ಆಂಡ್ರಾಯ್ಡ್ ಫೋನಿನಲ್ಲಿ ಮೇಲುಗಡೆ ಸಾಲಾಗಿ ಹೆಸರುಗಳಿದ್ದವು. ಬೆರಳಿನಿಂದ ದೂಡಿದರೆ ನಾಲ್ಕನೆಯದು ನಿಧನ. ಹಿಂದಕ್ಕೆ ಬರಲು ಕೆಳಗೊಂದು ತ್ರಿಕೋನ. ನನ್ನ ವಿದ್ಯೆ ಇಷ್ಟೇ, ಅದು ಸಾಕಾಗುತ್ತಿತ್ತು.

ಆಮೇಲೆ ಆ ಫೋನಿನಲ್ಲಿ ಚಾರ್ಜು ನಿಲ್ಲದಾಯಿತು. ವಿಜಾಪುರ ರಸ್ತೆಯ ನಮ್ಮ ಅಂಗಡಿಯನ್ನು ಈಗ ಸೊಸೆಯೇ ನೋಡುತ್ತಾಳೆ. ಅವಳು ತನ್ನ ಹಳೆಯ ಐಫೋನಿಗೆ ಅದೇ ಆ್ಯಪ್ ಹಾಕಿ ನನಗೆ ಕೊಟ್ಟಳು. ತೆರೆದ ಕೂಡಲೇ ನಡುವೆ ಒಂದು ಚೌಕ ಬಂದು ಏನೋ ಕೇಳಿತು. ಫೋನು ಏನೇ ಕೇಳಲಿ, ಬೇಡ ಅನ್ನು, ಇಲ್ಲವಾದರೆ ಬ್ಯಾಂಕು ಬರಿದಾಗುತ್ತದೆ ಎಂದು ಯಜಮಾನರು ಕಲಿಸಿದ್ದರು. ಬೇಡ ಎಂದು ಒತ್ತಿದೆ.

ಹೊಸದರಲ್ಲಿ ಮೇಲುಗಡೆಯ ಸಾಲು ಇರಲಿಲ್ಲ. ಕೆಳಗೆ ಐದು ಸಣ್ಣ ಚಿತ್ರಗಳು. ತ್ರಿಕೋನವೂ ಇಲ್ಲ, ಅಂಚಿನಿಂದ ಬೆರಳು ಎಳೆದರೆ ಹಿಂದಕ್ಕೆ ಬರುತ್ತದೆ. ಇಪ್ಪತ್ತು ದಿನ ಅದರಲ್ಲಿ ಮಂತ್ರಿಗಳನ್ನೂ ಕ್ರಿಕೆಟ್ಟನ್ನೂ ನೋಡಿದೆ. ಯಾರೂ ಸಾಯಲಿಲ್ಲ. ಒಳ್ಳೆಯ ಕಾಲ ಬಂದಿದೆ ಅಂದುಕೊಂಡೆ. ಇಷ್ಟು ವಯಸ್ಸಾದ ಹೆಂಗಸು ಹಾಗೆ ಅಂದುಕೊಳ್ಳಬಾರದಿತ್ತು.

ಒಂದು ಭಾನುವಾರ ಸೊಸೆ ಕಪಾಟು ಬರಿದು ಮಾಡುತ್ತಾ, ಯಜಮಾನರ ಫೋನನ್ನು ಮೊಬೈಲ್ ಅಂಗಡಿಗೆ ಕೊಟ್ಟುಬಿಡೋಣ ಅಂದಳು. ಕೊಡುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ ಅಂದೆ.

"ಎರಡೂ ಒಂದ ಆ್ಯಪ್ ಅತ್ತಿ. ನಿಮಗ ಹೊಸಾದು ಮನಸಿಗೆ ಬಂದಿಲ್ಲ, ಅಷ್ಟ."

"ಒಂದ ಆಗಿದ್ರ ಇದರಾಗ ಸತ್ತವರು ಎಲ್ಲಿ ಹೋದ್ರು, ತೋರ್ಸು."

ತೋರಿಸಿದಳು. ಐದನೆಯ ಚಿತ್ರದಲ್ಲಿ ಮೂರು ಚುಕ್ಕೆ. ಅದನ್ನು ಒತ್ತಿದರೆ ಉದ್ದನೆಯ ಪಟ್ಟಿ, ಪಟ್ಟಿಯ ತೀರಾ ತಳದಲ್ಲಿ ನಿಧನ. ಹಿತ್ತಲ ಕೋಣೆಗೆ ಹಾಕಿದ ಹಾಗೆ. ಅಷ್ಟರಲ್ಲಿ ಚಾರ್ಜಿಗೆ ಹಾಕಿದ್ದ ಹಳೆಯ ಫೋನು ಎಚ್ಚರವಾಗಿ, ಮನೆಯ ವೈಫೈ ಹಿಡಿದು, ಟಿಣ್ ಟಿಣ್ ಅನ್ನತೊಡಗಿತು. ಪರದೆಯ ಮೇಲಿನಿಂದ ಒಂದರ ಹಿಂದೆ ಒಂದು ಸುದ್ದಿಯ ಚೀಟಿ ಇಳಿದವು. ಎಲ್ಲವೂ ಅಕ್ಕಲಕೋಟ ತಾಲೂಕಿನ ಸಾವು. ಯಜಮಾನರು ಹೋಗಿ ಹನ್ನೊಂದು ತಿಂಗಳಾಗಿತ್ತು. ಸತ್ತ ಮನುಷ್ಯನಿಗೆ ಸತ್ತವರ ಸುದ್ದಿ ತಪ್ಪದೆ ಬರುತ್ತಿತ್ತು. ಬದುಕಿದ್ದ ನನಗೆ ಬಂದಿರಲಿಲ್ಲ.

ಸೊಸೆ ಐಫೋನಿನ ಒಳಗೆ ಎಲ್ಲೆಲ್ಲೋ ಹೋಗಿ ನೋಡಿ, ಮೆಲ್ಲಗೆ ಅಂದಳು: "ಅತ್ತಿ, ಸುದ್ದಿ ಬಂದ್ರ ತಿಳಿಸ್ಲೇನು ಅಂತ ಇದು ಕೇಳಿತ್ತು. ನೀವು ಬ್ಯಾಡಂದೀರಿ."

ಐದನೆಯ ಚೀಟಿಯಲ್ಲಿ ನನ್ನ ಗೆಳತಿ ಇದ್ದಳು. ಹಳೆಯ ಫೋನಿನಲ್ಲಿ ಚಿತ್ರ ಚೌಕವಾಗಿ ಪೂರ್ತಿ ಬರುತ್ತದೆ, ತಲೆಯ ಮೇಲಿನ ಸೆರಗು, ಹಿಂದಿನ ಗೋಡೆ ಎಲ್ಲ. ಐಫೋನಿನ ಪಟ್ಟಿಯಲ್ಲಿ ಅದೇ ಮುಖವನ್ನು ದುಂಡಗೆ ಕತ್ತರಿಸಿದ್ದರು, ಸೆರಗು ಹೋಗಿತ್ತು. ಬರಿತಲೆಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಸತ್ತು ಹದಿನೆಂಟು ದಿನ.

ಹನ್ನೂರಿನ ಶಾಲೆಯಲ್ಲಿ ಇಬ್ಬರಿಗೂ ಬರೆಯಲು ಒಂದೇ ಪಾಟಿ ಇತ್ತು. ಅವಳು ಅದೇ ಊರಿನ ಹೊಲಮನೆಗೆ ಸೊಸೆಯಾದಳು, ನಾನು ಪೇಟೆಗೆ ಬಂದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹೊರಗಿನವರು ಬುತ್ತಿ ತಂದು ಉಣಿಸಬೇಕು. ಯಜಮಾನರು ಹೋದಾಗ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬಂದವಳು ಅವಳೇ. "ಉಣ್ಣು. ಸತ್ತವರು ಅವರು, ನೀ ಅಲ್ಲ" ಎಂದು ಬಾಯಿಗೆ ತುರುಕಿದ್ದಳು. ಆ ಬುತ್ತಿಯನ್ನು ನಾನು ತಿರುಗಿ ಒಯ್ಯಬೇಕಿತ್ತು.

ಮರುದಿನ ರೊಟ್ಟಿ, ಝುಣಕ ಕಟ್ಟಿಕೊಂಡು ಹೋದೆ. ಅವರ ಒಲೆ ಹೊತ್ತಿ ಎಷ್ಟೋ ದಿನವಾಗಿತ್ತು, ಗೊತ್ತಿತ್ತು. ಬಾಗಿಲಲ್ಲಿ ಗೆಳತಿಯ ಸೊಸೆ ನಿಂತಿದ್ದಳು. ಬುತ್ತಿ ನೋಡಿದಳು, ನನ್ನನ್ನು ನೋಡಿದಳು.

"ಈಗ ಬಂದ್ರ್ಯಾ ಮಾವಶಿ?"

ಒಳಗೆ ಕೂತ ಮೇಲೆ ಹೇಳಿದಳು. ಜೀವ ಹೋದದ್ದು ನಸುಕಿನಲ್ಲಿ. ಮಗ ನನಗೆ ಫೋನ್ ಮಾಡಲು ಹೊರಟಿದ್ದನಂತೆ. ಆದರೆ ಸೋಲಾಪುರದ ಆ ಮನೆಯವರು ದಿನಾ ಬೆಳಿಗ್ಗೆ ನಿಧನ ನೋಡುತ್ತಾರೆ, ಸುದ್ದಿಗೆ ಹಾಕಿದರೆ ಸಾಕು, ಅವಳು ಬರುತ್ತಾಳೆ ಎಂದು ಗೆಳತಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು. ಹಾಗೇ ಮಾಡಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಕೂರಿಸಿದ್ದರು. ಹನ್ನೆರಡಕ್ಕೆ ಎತ್ತಬೇಕಾದದ್ದನ್ನು ಮೂರಕ್ಕೆ ದೂಡಿದರು.

"ಸೋಲಾಪುರದ ಬಸ್ಸು ಮೂರು ಬಂದು ಹೋದ್ವು. ಬಿಸಿಲು ಬಂದಂಗ ಅತ್ತಿನ್ನ ನೆಳ್ಳಿಗೆ ಸರಿಸಿದ್ವಿ. ಎರಡು ಸಲ."

ಫೋನು ಕೆಟ್ಟಿತ್ತು ಅನ್ನಬಹುದಿತ್ತು. ಎಲ್ಲರೂ ಅನ್ನುತ್ತಾರೆ.

"ತಿಳಿಸ್ಲೇನು ಅಂತ ಫೋನು ಕೇಳಿತ್ತವ್ವಾ. ನಾನ ಬ್ಯಾಡಂದೆ" ಅಂದೆ.

ಅವಳಿಗೆ ಅದು ತಿಳಿಯಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ. ಬುತ್ತಿ ಬಿಚ್ಚಿ, ತಾಟಿಗೆ ಹಾಕಿ, ನನ್ನ ಮುಂದೆಯೇ ಇಟ್ಟಳು. "ನಾವು ಉಂಡು ಭಾಳ ದಿನಾತು. ನೀವ ಉಣ್ರಿ." ಉಂಡೆ. ಒಂದು ತುಣುಕೂ ಬಿಡಲಿಲ್ಲ. ಸಾವಿನ ಮನೆಯಿಂದ ಏಳುವಾಗ ಬರುತ್ತೇನೆ ಅನ್ನಬಾರದು. ಅನ್ನದೆ ಎದ್ದು ಬಂದೆ. ಅವಳೂ ಬರ್ರಿ ಅನ್ನಲಿಲ್ಲ.

ಈಗ ಐಫೋನೂ ಟಿಣ್ ಅನ್ನುತ್ತದೆ, ಸೊಸೆ ಸರಿಮಾಡಿ ಕೊಟ್ಟಿದ್ದಾಳೆ. ಪಟ್ಟಿಯಲ್ಲಿ ಗುರುತಿನ ಮುಖ ಇಲ್ಲದ ದಿನ ಮೊದಲೆಲ್ಲ ಹಗುರವಾಗಿ ಚಹಾ ಕುಡಿಯುತ್ತಿದ್ದೆ. ಈಗ ಆಗುವುದಿಲ್ಲ. ನನಗೆ ತಿಳಿಯದ ಯಾವುದೋ ಕಟ್ಟೆಯ ಮೇಲೆ ಯಾರೋ ರಸ್ತೆಗೆ ಮುಖ ಮಾಡಿ ಕೂತಿದ್ದಾರೆ, ಮನೆಯವರು ಅವರನ್ನು ಇನ್ನೊಮ್ಮೆ ನೆರಳಿಗೆ ಸರಿಸುತ್ತಿದ್ದಾರೆ.