ಇಂಚಿನಲ್ಲಿ ಅಳೆದ ನೋವು

ನಮ್ಮ ಬೀದಿಯ ದರ್ಜಿಯ ಟೇಪು ಅಳೆಯದ ವಸ್ತು ಮೂರು ಲೋಕದಲ್ಲೂ ಇಲ್ಲ. ಹೆಂಡತಿಯ ಸಿಟ್ಟನ್ನೂ ಆತ ಇಂಚಿನಲ್ಲೇ ಹೇಳುತ್ತಾನೆ. ಸೊಂಟನೋವಿನ ಮಾತ್ರೆಗೆ ದುಡ್ಡು ಸಾಲದೆ ದಿನಕ್ಕೆ ಅರ್ಧವೇ ನುಂಗಿ, ಮಿಷನ್ನಿನ ಮುಂದೆ ಕೂರಲಾರದೆ ಒದ್ದಾಡುತ್ತಿದ್ದ ಈ ಮಹಾಶಯ, ಕೊನೆಗೆ ಆಸ್ಪತ್ರೆಯಲ್ಲಿ ನೆರವಿನ ಅರ್ಜಿ ತುಂಬಿದ. 'ನೋವು ಎಷ್ಟು?' ಎಂದು ಕೇಳಿದ್ದ ಕಡೆ 'ಸೊಂಟದಿಂದ ಹಿಮ್ಮಡಿಗೆ ಮೂವತ್ತೊಂಬತ್ತು ಇಂಚು' ಎಂದು ಬರೆದ.

ಗುಮಾಸ್ತೆ ಕನ್ನಡಕ ಏರಿಸಿದಳು. "ಯಜಮಾನ್ರೇ, ಒಂದರಿಂದ ಹತ್ತರೊಳಗೆ ಹೇಳ್ಬೇಕು."

"ಹತ್ತರೊಳಗೆ ಹಿಡಿಸಲ್ಲಮ್ಮಾ, ಹೊಲಿಗೆ ಬಿಟ್ಟುಹೋಗುತ್ತೆ."

ಆಕೆ ನಗುತ್ತಲೇ 'ಹತ್ತು' ಎಂದು ತಿದ್ದಿ ಮೊಹರು ಒತ್ತಿದಳು. ಅಂದಿನಿಂದ ದಿನಕ್ಕೊಂದು ಇಡೀ ಮಾತ್ರೆ, ಪುಕ್ಕಟೆ.

ತಿಂಗಳ ಮೇಲೆ ಮಾತ್ರೆ ಒಯ್ಯಲು ಬಂದವನನ್ನು ಆಕೆಯೇ ಕೇಳಿದಳು: "ಈಗ ನೋವು ಎಷ್ಟು ಇಂಚು?"

"ಅಳೆದಿಲ್ಲಮ್ಮಾ. ಟೇಪು ಕೆಲಸದಲ್ಲಿತ್ತು."