ಹಿಮದೂರಿನ ಮನೆಯ ಬಿಸಿ

ಬೆಚ್ಚಗಾಯಿತು! ಹಿಮಾಚಲದ ಬೆಟ್ಟದ ಮೇಲೆ, ನಾನು ಎಂದೂ ಕಾಣದ ಒಂದು ಮನೆ ಅಡುಗೆಮನೆಯಿಂದ ಹಿಡಿದು ಕೊನೆಯ ಕೋಣೆಯವರೆಗೆ ಇಡಿಯಾಗಿ ಬೆಚ್ಚಗಾಯಿತು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಆ ಮನೆಯ ಮುದುಕಿ ಬರಿಗಾಲಲ್ಲಿ ಓಡಾಡುತ್ತಿದ್ದಾಳೆ. ಅದಕ್ಕೆ ಯಂತ್ರ ಆರಿಸಿದವಳು ನನ್ನ ಮೊಮ್ಮಗಳು! ಮೊನ್ನೆ ಭಾನುವಾರ ಬೆಳಿಗ್ಗೆ ಫೋನು ಬಂತು. ಮಧ್ಯಾಹ್ನದೊಳಗೆ ನಾನು ನಮ್ಮ ಓಣಿಯಲ್ಲಿ ನಾಲ್ಕು ಸಲ ಅಡ್ಡಾಡಿ, ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹಾಲು ಹಾಕಲು ಬಂದವನಿಗೆ ಎರಡು ಸಲ ಹೇಳಿದೆನಂತೆ.

ನಾನು ಶಹಾಬಾದದವನು. ಓದಿದ್ದು ಮೂರನೇ ಇಯತ್ತೆ. ನಲವತ್ತು ವರ್ಷ ಜನರ ಮನೆಗೆ ಫರಸಿ ಕಲ್ಲು ಹಾಸಿದ್ದೇನೆ, ಅಂದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತೇ ಬದುಕಿದ್ದೇನೆ. ಮೊಮ್ಮಗಳು ಐಟಿಐನಲ್ಲಿ ಏಸಿ ಕೆಲಸ ಕಲಿತು ಹೈದರಾಬಾದಿನ ಒಂದು ಕಂಪನಿ ಸೇರಿದಳು. ಮದುವೆ ಮಂಟಪ, ದವಾಖಾನೆಗಳಿಗೆ ತಣ್ಣನೆಯ ಗಾಳಿಯ ಕೊಳವೆ ಹಾಕುವ ಕೆಲಸ. ಮೂರು ವರ್ಷ ಅವಳಿಗೆ ಸಿಕ್ಕಿದ್ದು ಬರೀ ಏಸಿಯ ಜಾಳಿಗೆ ತೊಳೆಯುವುದು, ಏಣಿ ಹಿಡಿಯುವುದು. ಈ ವರ್ಷ ಅವರ ಗಿರಾಕಿಯಾದ ಒಬ್ಬ ಡಾಕ್ಟರು ಹಿಮಾಚಲದಲ್ಲಿರುವ ತಮ್ಮ ತಾಯಿಯ ಮನೆಗೆ ಪೂರಾ ಬಿಸಿ ಬೇಕೆಂದರು. ಹಿಮದ ಕೆಲಸ ಯಾರಿಗೂ ಬೇಡವಾಗಿತ್ತು, ಇವಳು ಕೈ ಎತ್ತಿದಳು. ಕಂಪನಿಯ ಸಾಹೇಬರು ಹೇಳಿದರಂತೆ, ಮೊದಲ ಹಿಮಕ್ಕೆ ಆ ಮನೆ ಬೆಚ್ಚಗಿದ್ದರೆ ನಿನ್ನ ಕೈಕೆಳಗೆ ಮೂವರನ್ನು ಕೊಡುತ್ತೇನೆ, ಇಲ್ಲದಿದ್ದರೆ ಮತ್ತೆ ಜಾಳಿಗೆಯೇ ಗತಿ.

ಹಬ್ಬಕ್ಕೆ ಊರಿಗೆ ಬಂದವಳು ಅಂಗಳದಲ್ಲಿ ಕಾಗದ ಹರಡಿಕೊಂಡು ಕುಳಿತಳು. ಪಟಾಕಿ ಕಡೆಗೂ ನೋಡಲಿಲ್ಲ, ಕರ್ಚಿಕಾಯಿ ಕಡೆಗೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಏನವ್ವಾ ಅದು?"

"ಹೀಟ್ ಪಂಪ್ ಮುತ್ಯಾ. ಏಸಿನೇ, ಆದ್ರ ಉಲ್ಟಾ. ಹೊರಗಿನ ಗಾಳಿಯಾಗಿನ ಬಿಸಿ ಎಳಕೊಂಡು ಮನಿಯಾಗ ಬಿಡ್ತದ."

"ಹಿಮ ಬಿದ್ದ ಗಾಳಿಯಾಗ ಬಿಸಿ ಎಲ್ಲಿಂದ ಬರ್ತದ? ಯಾರರೆ ಇಟ್ಟು ಮರತು ಹೋಗಿರ್ತಾರೇನು?"

ಅವಳು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಫ್ರಿಜ್ಜಿನ ಹಿಂದೆ ಇಟ್ಟಳು. ಬಿಸಿಯಾಗಿತ್ತು.

"ಒಳಗ ಥಂಡಿ ಅದ, ಹೌದಿಲ್ಲ? ಅದರಾಗಿಂದನೇ ಬಿಸಿ ತಗದು ಇಲ್ಲಿ ಹಾಕ್ಲಿಕತ್ತದ."

"ಹಂಗಾದ್ರ ಆ ಬೆಟ್ಟನೇ ಫ್ರಿಜ್ಜು, ಮುದುಕಿ ಮನಿ ಅದರ ಬೆನ್ನ ಹಿಂದ!" ಅಂದೆ. ಹುಡುಗಿ ಚಪ್ಪಾಳೆ ತಟ್ಟಿದಳು. ಮೂರನೇ ಇಯತ್ತೆಯಲ್ಲೂ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಪಕ್ಕದ ಓಣಿಯ ನನ್ನ ಗೆಳೆಯ, ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದ ಸಾಬ, ಈ ಸುದ್ದಿ ಕೇಳಿ ಚಹಾದ ಬಸಿ ಕೆಳಗಿಟ್ಟು ನಕ್ಕ. "ಅಲ್ಲೋ ದೋಸ್ತ, ಇಷ್ಟೆಲ್ಲಾ ಯಾಕ? ನಮ್ಮ ಶಹಾಬಾದದ ಮೇ ತಿಂಗಳು ಒಂದು ಡಬ್ಬಿಯಾಗ ತುಂಬಿ ಪಾರ್ಸಲ್ ಮಾಡಿದ್ರ ಆ ಅಮ್ಮಾಗ ನಾಕು ವರ್ಷ ಸಾಕಾಗ್ತದ!"

ಮೊಮ್ಮಗಳ ಮುಂದೆ ಮೂರು ಯಂತ್ರಗಳ ಚಿತ್ರಗಳಿದ್ದವು. ಅದರಲ್ಲೇ ಒಂದು ಆರಿಸಬೇಕು. ನಾನು ಎಲ್ಲಕ್ಕಿಂತ ದೊಡ್ಡದರ ಮೇಲೆ ಬೆರಳಿಟ್ಟೆ. ಮನೆಗೆ ತರುವ ಸಾಮಾನು ದೊಡ್ಡದೇ ಇರಬೇಕು ಎಂಬುದು ನನ್ನ ನಂಬಿಕೆ.

"ಬ್ಯಾಡ ಮುತ್ಯಾ. ಭಾಳ ದೊಡ್ಡದಾದ್ರ ಗಪ್ಪನೆ ಬಿಸಿ ಮಾಡಿ ಬಂದ್ ಆಗ್ತದ, ಮತ್ತ ಥಂಡಿ ಆಗ್ತದ, ಮತ್ತ ಚಾಲೂ ಆಗ್ತದ. ದಿನಾ ಪೂರ್ತಿ ಸಾವಕಾಶ ನಡೀಬೇಕು."

ನನಗೆ ತಲೆಗೆ ಹೋಗಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಕೂಗಿದಳು. "ತೊಗರಿಬ್ಯಾಳಿ ಸಣ್ಣ ಉರಿಯಾಗ ಬೇಯಿಸಿದಂಗರೀ! ಉರಿ ಜಾಸ್ತಿ ಮಾಡಿದ್ರ ಉಕ್ಕಿ ಒಲಿ ಆರ್ತದ, ಬ್ಯಾಳಿ ಬೇಯಂಗಿಲ್ಲ. ಇಷ್ಟ ತಿಳಿವಲ್ದು, ಯಂತ್ರ ಆರಸ್ಲಿಕ್ಕ ಕುಂತಾರ!"

"ಆಯಿಗೆ ತಿಳೀತು ನೋಡು," ಎಂದಳು ಮೊಮ್ಮಗಳು. ಅವಳು ಆ ಮನೆಯ ಗೋಡೆ, ಕಿಟಕಿ, ಮಾಡು ಎಲ್ಲ ಅಳೆದುಕೊಂಡು ಬಂದಿದ್ದಳು. ಎಷ್ಟು ಬಿಸಿ ಸೋರಿ ಹೋಗುತ್ತದೋ ಅಷ್ಟನ್ನು ತುಂಬಿಕೊಡುವ ಯಂತ್ರವೇ ಸರಿಯಾದ ಯಂತ್ರ. ಅದಕ್ಕೂ ಮೊದಲು ಸೋರುವುದನ್ನು ತಡೆಯಬೇಕು, ಮಾಡಿನ ಕೆಳಗೆ ದಪ್ಪನೆಯ ಹತ್ತಿಯಂಥದ್ದು ಹೊದಿಸಬೇಕು. ಇನ್ನೊಂದು ಮಾತು ಹೇಳಿದಳು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಹಿತವಾದ ದಿನದ ಶಕ್ತಿ, ಹಿಮ ಬಿದ್ದ ದಿನ ಅದೇ ಯಂತ್ರದ ಶಕ್ತಿ ಅರ್ಧಕ್ಕೆ ಇಳಿಯಬಹುದು, ಅದನ್ನು ಪುಸ್ತಕದೊಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅವಳು ಆ ಸಣ್ಣ ಅಕ್ಷರ ಓದಿ ನಡುವಿನ ಯಂತ್ರ ಆರಿಸಿದಳು. ಕೋಣೆಗೊಂದು ಸಣ್ಣ ಯಂತ್ರ ಹಾಕಬಹುದಿತ್ತು. ಆದರೆ ಮುದುಕಿ ಒಂದು ಕಡೆ ಕೂರುವವಳಲ್ಲವಂತೆ, ದಿನವಿಡೀ ಮನೆ ಸುತ್ತುತ್ತಾಳಂತೆ. ಅದಕ್ಕೇ ಒಂದೇ ಯಂತ್ರ, ಎಲ್ಲ ಕೋಣೆಗೂ ಕೊಳವೆ.

ಆಮೇಲೆ ನಾನು ನಕ್ಷೆಯಲ್ಲಿದ್ದ ಸಣ್ಣ ಚೌಕಗಳನ್ನು ತೋರಿಸಿ ಏನೆಂದು ಕೇಳಿದೆ.

"ಬಿಸಿಗಾಳಿ ಬರೋ ಜಾಳಿಗಿ. ಎಲ್ಲಾ ಮ್ಯಾಗ, ಮಾಳಿಗಿಗೆ ಹಚ್ಚಿ. ನಾವು ಯಾವಾಗ್ಲೂ ಮ್ಯಾಗೇ ಹಾಕ್ತೀವಿ."

ಅವತ್ತು ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕುಳಿತಾಗ ನನ್ನ ತಲೆ ಬೆವರುತ್ತಿತ್ತು, ಕಲ್ಲಿನ ಮೇಲಿದ್ದ ಪಾದ ಮಾತ್ರ ಜುಮ್ಮೆನ್ನುತ್ತಿತ್ತು. ಅದನ್ನೇ ಹೇಳಿದೆ. "ಬಿಸಿ ಮ್ಯಾಗೇ ನಿಲ್ತದವ್ವಾ. ನಾವು ಬ್ಯಾಸಗಿಯಾಗ ಬಿಸಿ ಹೊರಗ ಹೋಗ್ಲಿ ಅಂತ ಗವಾಕ್ಷಿ ತೆರಿತೀವಲ್ಲ? ನೀ ಮ್ಯಾಗ ಬಿಟ್ರ ಮಾಳಿಗಿಗೆ ಬಿಸಿ ಆಗ್ತದ, ಮುದುಕಿ ಕಾಲಿಗಿ ಏನದ?"

ಹುಡುಗಿ ನಕ್ಷೆಯ ಮೇಲೆ ಬಗ್ಗಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡಳು. "ಅಯ್ಯಯ್ಯೋ! ನಾವೆಲ್ಲಾ ಥಂಡಿ ಗಾಳಿ ಬಿಟ್ಟು ಬಿಟ್ಟು ರೂಢಿ ಆದವ್ರು. ಥಂಡಿ ಕೆಳಗ ಬೀಳ್ತದ, ಅದಕ್ಕ ಮ್ಯಾಗ ಹಾಕ್ತೀವಿ. ಇದು ಬಿಸಿ! ಪುಸ್ತಕದಾಗ ಬರೆದಿತ್ತು ಮುತ್ಯಾ, ಓದಿದ್ದೆ, ಕೈ ಕೇಳಲಿಲ್ಲ."

ಸಾಹೇಬರಿಗೆ ಫೋನು ಮಾಡಿದಳು. ಅವರೂ ನಕ್ಷೆ ನೋಡಿ ಒಪ್ಪಿಗೆ ಕೊಟ್ಟಿದ್ದರು, ಅವರ ಕಣ್ಣಿಗೂ ಬಿದ್ದಿರಲಿಲ್ಲ. ಬಿಸಿಲಿನ ಊರಿನವರೇ ಕೂಡಿ ಚಳಿಯ ಮನೆ ಕಟ್ಟಲು ಹೊರಟರೆ ಹೀಗೇ ಆಗುವುದು. ಕೊಳವೆಗಳನ್ನೆಲ್ಲ ಮರದ ನೆಲದ ಕೆಳಗೆ ಹಾಯಿಸಿ, ಕಿಟಕಿಗಳ ಬುಡದಲ್ಲಿ ಜಾಳಿಗೆ ಕೂಡಿಸುವುದೆಂದು ನಿಶ್ಚಯವಾಯಿತು.

ಅವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು. ಒಬ್ಬ ಫರಸಿಯವನ ಮಾತು ಕೇಳಿ ಹುಡುಗಿ ನಕ್ಷೆ ತಿದ್ದಿಬಿಟ್ಟಳಲ್ಲ! ಅವಳು ಹಿಮಾಚಲಕ್ಕೆ ಹೋಗಿ ಯಂತ್ರ ಕೂಡಿಸಿ ಊರಿಗೆ ಬಂದಳು. ಶನಿವಾರ ಅಲ್ಲಿ ಮೊದಲ ಹಿಮ ಬಿತ್ತು. ಅವಳ ಫೋನಿನಲ್ಲಿ ಆ ಮನೆಯ ಬಿಸಿಯ ಅಂಕಿ ಕಾಣುತ್ತಿತ್ತು, ಇಪ್ಪತ್ತೊಂದು. ಸರಿಯಾಗಿದೆಯಲ್ಲ ಎಂದರೆ ತಲೆ ಅಲ್ಲಾಡಿಸಿದಳು. "ಅದು ಗ್ವಾಡಿ ಮ್ಯಾಗಿನ ಅಂಕಿ ಮುತ್ಯಾ. ಕಾಲಿನ ಸುದ್ದಿ ಆ ಅಮ್ಮನೇ ಹೇಳ್ಬೇಕು."

ನನ್ನ ಹೆಂಡತಿ ನನ್ನನ್ನು ಬಿಡಲಿಲ್ಲ. "ಹುಡುಗಿ ಕೆಲಸ ಹೋಯ್ತಂದ್ರ ನೀವೇ ಹೈದರಾಬಾದಕ್ಕ ಹೋಗಿ ಜಾಳಿಗಿ ತೊಳೀರಿ. ನಾ ಬುತ್ತಿ ಕಟ್ಟಿ ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಫೋನು ಬಂತು. ಮೊಮ್ಮಗಳು ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ನಾವು ಮೂವರೂ ಬಗ್ಗಿದೆವು. ಮುದುಕಿ ಹಿಂದಿಯಲ್ಲಿ ಮೊದಲು ಮಗನನ್ನು ಬೈದಳು, ಆಮೇಲೆ ಸೊಂಟನೋವಿನ ಸುದ್ದಿ ಹೇಳಿದಳು, ಆಮೇಲೆ ಹಿಮಕ್ಕೆ ದಾರಿ ಮುಚ್ಚಿದ್ದು ಹೇಳಿದಳು. ಬಿಸಿಯ ಮಾತೇ ಬರಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ಬಾಯಿ ಹಾಕಿ ತನಗೆ ಬಂದ ಹಿಂದಿಯಲ್ಲಿ ಕಾಲು ಹೇಗಿವೆ ಎಂದು ಕೇಳಿಬಿಟ್ಟಳು.

"ಕಾಲಾ?" ಎಂದಳು ಮುದುಕಿ. ಮದುವೆಯಾಗಿ ಈ ಮನೆಗೆ ಬಂದಮೇಲೆ ಚಳಿಗಾಲದಲ್ಲಿ ನನ್ನ ಕಾಲು ನಾನೇ ನೋಡಿದ್ದು ಇದೇ ಮೊದಲು, ಸಾಕ್ಸು ಬಿಚ್ಚಿ ಕುಳಿತಿದ್ದೇನೆ, ಬೆಕ್ಕು ಜಾಳಿಗೆ ಬಿಟ್ಟು ಏಳುತ್ತಿಲ್ಲ ಎಂದಳು.

ನಾನು ಕೂಗಿದ್ದು ಸ್ಟೇಶನ್ನಿನವರೆಗೆ ಕೇಳಿಸಿತೆಂದು ಸಾಬ ಹೇಳುತ್ತಾನೆ. ಮಧ್ಯಾಹ್ನ ಸಾಹೇಬರೂ ಫೋನು ಮಾಡಿ, ಮೂವರು ಹುಡುಗರನ್ನು ಅವಳ ಕೈಕೆಳಗೆ ಕೊಟ್ಟೆ ಎಂದರು.

ಸಂಜೆಗೆ ಮಗ ವಾಡಿಯಿಂದ ಡ್ಯೂಟಿ ಮುಗಿಸಿ ಬಂದ, ಮಗಳು ಸೇಡಂನಿಂದ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಸಾಬನೂ ಅವನ ಹೆಂಡತಿಯೂ ಬಂದರು. ಸೊಸೆ ಹೋಳಿಗೆ ಬೇಯಿಸುತ್ತಿದ್ದಂತೆ ನನ್ನ ಹೆಂಡತಿ ಬಿಸಿಬಿಸಿಯಾಗಿ ತಂದು ಹಾಕಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಊಟದ ನಡುವೆ ಸಾಹೇಬರ ಫೋನು ಮತ್ತೆ ಬಂತು, ಅದೇ ಬೆಟ್ಟದಲ್ಲಿ ಮುದುಕಿಯ ನೆರೆಮನೆಯವರೂ ಯಂತ್ರ ಕೇಳುತ್ತಿದ್ದಾರಂತೆ. ನಾವೆಲ್ಲ ಕೈ ನಿಲ್ಲಿಸಿ ಅವಳ ಮುಖ ನೋಡಿದೆವು.

"ಊಟ ಮಾಡ್ಲಿಕತ್ತೀನಿ ಸರ್, ಆಮ್ಯಾಲ ಮಾಡ್ತೀನಿ," ಎಂದು ಕನ್ನಡದಲ್ಲೇ ಹೇಳಿ ಫೋನು ಪಕ್ಕಕ್ಕಿಟ್ಟು, ಹೋಳಿಗೆಗೆ ಇನ್ನಷ್ಟು ಹಾಲು ಹಾಕಿಸಿಕೊಂಡಳು. ನಾವೂ ಹಾಕಿಸಿಕೊಂಡೆವು.