ಹಿಡಿಯದ ಕಬ್ಬಿಣ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹಾಗೆ ನಗುವ ಹಕ್ಕನ್ನು ಓದಿ ಸಂಪಾದಿಸಿದ್ದೇನೆ ಎಂದುಕೊಂಡಿದ್ದೆ. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿ, ಅಲ್ಲಿಯವರಲ್ಲೇ ಮೊದಲಿಗಳಾಗಿ ಡಿಗ್ರಿ ಪಡೆದು, ರಸಾಯನಶಾಸ್ತ್ರದ ಸಂಶೋಧನೆಯವರೆಗೆ ಬಂದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದಿಲ್ಲ.

ನನ್ನ ಕೆಲಸ ಕಬ್ಬಿಣದ ಗೊಂಚಲುಗಳ ಮೇಲೆ. ಆರು ಕಬ್ಬಿಣದ ಪರಮಾಣುಗಳನ್ನು ಬೇರೆ ಅಣುಗಳಿಂದ ಬಿಗಿದು ಉಂಗುರದ ಹಾಗೆ ಕೂರಿಸುತ್ತೇವೆ. ಒಂದೊಂದೂ ಪುಟ್ಟ ಆಯಸ್ಕಾಂತವೇ. ಆದರೆ ಒಂದು ಮೇಲಕ್ಕೆ ಮುಖ ಮಾಡಿದರೆ ಪಕ್ಕದ್ದು ಕೆಳಕ್ಕೆ. ಒಂದರ ಬಲವನ್ನು ಇನ್ನೊಂದು ತಿಂದುಹಾಕಿ ಹೊರಗಿನವರಿಗೆ ಏನೂ ಉಳಿಯುವುದಿಲ್ಲ.

ಒಂದು ರಜೆಯಲ್ಲಿ ಆ ಕಿತ್ತಳೆ ಬಣ್ಣದ ಹರಳುಗಳನ್ನು ಗಾಜಿನ ಸೀಸೆಯಲ್ಲಿ ಅವ್ವನಿಗೆ ತೋರಿಸಲು ತಂದೆ. ಅವ್ವ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಚೀಲ ಹೊಲಿಯುತ್ತಿದ್ದಳು. ಕೈಜಾರಿದ ದಬ್ಬಳ ಕಾಫಿಯೊಳಗೆ ಸೇರಿಬಿಟ್ಟರೆ ಹುಡುಕಲೆಂದು ಹಳೇ ರೇಡಿಯೋ ಸ್ಪೀಕರಿನ ಆಯಸ್ಕಾಂತ ಇಟ್ಟುಕೊಂಡಿದ್ದಳು. ಅದನ್ನೇ ಸೀಸೆಗೆ ಹಿಡಿದಳು. ಸೀಸೆ ಅಲ್ಲಾಡಲಿಲ್ಲ.

“ಕಬ್ಬಿಣ ಅಂತೀಯ, ಹಿಡೀತಾನೇ ಇಲ್ವಲ್ಲೇ! ಇಷ್ಟು ವರ್ಷ ಓದಿ ಅರಿಶಿನ ಕುಂಕುಮ ಕಲೆಸ್ಕೊಂಡು ಬಂದ್ಯಾ?”

ಉಂಗುರದ ವಿಷಯ ವಿವರಿಸಿದೆ.

“ಓ, ಒಂದೇ ಮನೇಲಿ ಮುನಿಸ್ಕೊಂಡು ಕುಂತಂಗೆ ಅನ್ನು,” ಎಂದು ನಕ್ಕಳು. “ಹಿಡಿದ ದಿನ ಹೇಳು, ನೋಡ್ತೀನಿ.”

ಸೀಸೆಯನ್ನು ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಳು. ನಾನು ಮಾಡುವ ಕೆಲಸ ಅವ್ವನಿಗೆ ತಮಾಷೆಯಾಗಿಯೇ ಉಳಿಯಿತಲ್ಲ ಎಂಬ ಕೊರಗಿನಲ್ಲಿ ಬಸ್ಸು ಹತ್ತಿದೆ.

ಆ ವರ್ಷದ ಕಾಫಿ ಕುಯ್ಲು ಮುಗಿಯುವ ಮೊದಲೇ ಅವ್ವ ಎದೆನೋವು ಬಂದು ತೀರಿಕೊಂಡಳು. ನಾನು ಬಂದು ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು.

ನಮ್ಮಲ್ಲಿ ಹೆಣ ಎತ್ತಿದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಒಂದು ಚೂರು ಕಬ್ಬಿಣ ಇಡುತ್ತಾರೆ. ಮನೆಯ ಕತ್ತಿಯನ್ನು ಚಟ್ಟಕ್ಕೆ ಬಿದಿರು ಕಡಿಯಲು ಒಯ್ದವರು ಇನ್ನೂ ತಂದುಕೊಟ್ಟಿರಲಿಲ್ಲ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಗೂಡಿಗೆ ಕೈ ಹಾಕಿ ಆ ಸೀಸೆಯನ್ನೇ ತಂದಿಟ್ಟಳು.

“ದೊಡ್ಡವ್ವ, ಅದು ಅಂಥ ಕಬ್ಬಿಣ ಅಲ್ಲ,” ಎಂದೆ.

“ಸುಮ್ನಿರೇ. ನನ್ ಮಗ್ಳು ಮಾಡಿರೋ ಕಬ್ಬಿಣ ಅಂತ ಲೈನಿಗೆಲ್ಲಾ ತೋರಿಸ್ಕೊಂಡು ಬಂದವ್ಳೆ ನಿಮ್ಮವ್ವ.”

ಹೊರಗೆ ಹೋಗಿ ಅತ್ತೆ. ಅವ್ವನ ಆಯಸ್ಕಾಂತವನ್ನೂ ದೊಡ್ಡವ್ವ ಸೀಸೆಯ ಪಕ್ಕದಲ್ಲೇ ಇಟ್ಟಿದ್ದಳು.

ಮೂರನೇ ದಿನ ಬೆಳಿಗ್ಗೆ, ಬಿಸಿಲು ಒಳಗೆ ಬಂದಿದ್ದ ಹೊತ್ತು, ನೆಲ ಸಾರಿಸಲೆಂದು ಆಯಸ್ಕಾಂತವನ್ನು ಎತ್ತಿದೆ. ಸೀಸೆಯೂ ಜೊತೆಗೇ ಬಂತು. ಗಾಜು, ಪ್ಲಾಸ್ಟಿಕ್ ಮುಚ್ಚಳ, ಒಳಗೆ ನನ್ನ ಹರಳು, ಅಷ್ಟೇ. ಎಣ್ಣೆಯ ಜಿಡ್ಡಿರಬೇಕೆಂದು ಸೆರಗಿನಿಂದ ಒರೆಸಿ ಮತ್ತೆ ಹತ್ತಿರ ಹಿಡಿದೆ. ದೂರದಿಂದಲೇ ಜಾರಿ ಬಂದು ಕಚ್ಚಿಕೊಂಡಿತು. ಹರಳುಗಳೆಲ್ಲ ಗಾಜಿನ ಒಂದೇ ಬದಿಗೆ ಒತ್ತಿ ನಿಂತಿದ್ದವು.

“ಅವ್ವಾ, ಹಿಡೀತು!” ಎಂದು ಕೂಗಿಬಿಟ್ಟೆ.

ಓಡಿಬಂದದ್ದು ದೊಡ್ಡವ್ವ. ನೋಡಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಕಬ್ಬಿಣ ಅಲ್ವೇನೇ? ಹಿಡೀದೆ ಇನ್ನೇನ್ ಮಾಡ್ತದೆ?”

ಮಧ್ಯಾಹ್ನದ ಹೊತ್ತಿಗೆ ಹಿಡಿತ ಬಿಟ್ಟುಹೋಗಿತ್ತು. ಆಮೇಲೆ ಪ್ರಯೋಗಾಲಯದಲ್ಲಿ ಅದೇ ಹರಳುಗಳನ್ನು ದ್ರವ ಹೀಲಿಯಮ್ಮಿನಲ್ಲಿ ತಣಿಸಿ ಅಳೆದೆ. ಕೆಟ್ಟು ತುಕ್ಕಾಗಿವೆಯೇ ಎಂದೂ ನೋಡಿದೆ. ಬಣ್ಣ, ರಚನೆ ಎಲ್ಲ ಮೊದಲಿನಂತೆಯೇ. ಬಲ ಸೊನ್ನೆ. ದುಃಖದಲ್ಲಿ ನನ್ನ ಕಣ್ಣು ಮೋಸ ಮಾಡಿತು ಎನ್ನೋಣವೆಂದರೆ ದೊಡ್ಡವ್ವನೂ ನೋಡಿದ್ದಾಳೆ.

ಸೀಸೆ, ಆಯಸ್ಕಾಂತ ಎರಡೂ ಈಗ ನನ್ನ ಮೇಜಿನ ಮೇಲಿವೆ. ಆಗಾಗ ಹತ್ತಿರ ಹಿಡಿದು ನೋಡುತ್ತೇನೆ. ಅಲ್ಲಾಡುವುದಿಲ್ಲ. ಹಿಡಿದ ದಿನ ಹೇಳು ಎಂದಿದ್ದಳು. ಹೇಳಿದೆ. ಕೇಳಿಸಿತೋ ಇಲ್ಲವೋ ತಿಳಿಯದು.